120 ವೋಲ್ಟ್ ಆಲ್-ಇನ್-ಒನ್ ಬಿಯರ್ ಯಂತ್ರದಲ್ಲಿ ಕುದಿ ಬರುತ್ತಿಲ್ಲ, ಗ್ರಾವಿಟಿಯೂ ಕಡಿಮೆ: ಯಂತ್ರ ಮಾರಿ ಕೆಟಲ್-ಬರ್ನರ್‌ಗೆ ಹೋಗಲೇ?

ಪ್ರಶ್ನೆ (ಪ್ಯಾಟಿಯೋಬ್ರೂ, ನ್ಯೂಜೆರ್ಸಿ)

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಬಿಯರ್ ಮಾಡುವ ನನ್ನ ಆಲ್-ಇನ್-ಒನ್ (ಕಾಳು ನೆನೆಸುವುದು, ಕುದಿಸುವುದು ಎಲ್ಲ ಒಂದೇ ಪಾತ್ರೆಯಲ್ಲಿ) ಯಂತ್ರ 1600 ವಾಟ್, 120 ವೋಲ್ಟ್, ಪಂಪ್ ಇದೆ, ಕಾಳಿನ ಬುಟ್ಟಿ ಮೇಲೆತ್ತುವ ಬಗೆಯದು. ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) 5 ಕೆಜಿ, ಬಹುಪಾಲು ಪಿಲ್ಸ್ನರ್ ಎಂಬ ತಿಳಿ ಬಗೆ, ಅಂಗಡಿಯಲ್ಲೇ ಮಿಲ್ ಮಾಡಿಸಿದ್ದು. ಮ್ಯಾಶ್ (ಕಾಳನ್ನು ಬಿಸಿನೀರಲ್ಲಿ ನೆನೆಸಿ ಸಿಹಿ ಇಳಿಸುವುದು) ನೀರು 20 ಲೀಟರ್, 67 ಡಿಗ್ರಿಯಲ್ಲಿ 60 ನಿಮಿಷ. ಕಾಳಲ್ಲಿ ಉಳಿದ ಸಿಹಿ ತೊಳೆಯಲು 75 ಡಿಗ್ರಿಯ ನೀರು 9 ಲೀಟರ್. ಕುದಿಗೆ ಮುಂಚೆ ಸಿಕ್ಕಿದ್ದು 25 ಲೀಟರ್, ಗ್ರಾವಿಟಿ (ರಸದಲ್ಲಿ ಸಕ್ಕರೆ ಎಷ್ಟಿದೆ ಎಂದು ತೋರಿಸುವ ಸಾಂದ್ರತೆಯ ಅಂಕಿ) 1.038. ಕುದಿಸಿದ ಮೇಲೆ 1.042, ಗುರಿ 1.050 ಇತ್ತು.

67ರಿಂದ ಕುದಿಗೆ 75 ನಿಮಿಷ ಹಿಡಿಯುತ್ತದೆ. ಮುಚ್ಚಳ ತೆಗೆದರೆ ಕುದಿ ನಿಲ್ಲುತ್ತದೆ, ಹಾಗಾಗಿ ಮುಕ್ಕಾಲು ಮುಚ್ಚಿಟ್ಟೇ ಕುದಿಸುವುದು. ಬಿಯರ್‌ಗೆ ಬೇಯಿಸಿದ ಮುಸುಕಿನ ಜೋಳದ ವಾಸನೆ. ಜಾಗ ಹಿತ್ತಲಿನ ಪ್ಯಾಟಿಯೋ, ಕರೆಂಟ್ 50 ಅಡಿ ಎಕ್ಸ್‌ಟೆನ್ಷನ್ ವೈರಿನಿಂದ. ಇದನ್ನು ಮಾರಿ ದೊಡ್ಡ ಕೆಟಲ್, ಪ್ರೊಪೇನ್ ಬರ್ನರ್, ಕಾಳು ನೆನೆಸುವ ಬಟ್ಟೆ ಚೀಲ ತಗೊಳ್ಳುವುದು ಒಳ್ಳೆಯದಾ?

ಉತ್ತರ 1 (ತಾಮ್ರದಸುರುಳಿ)

ಸರ್, ನಿಮ್ಮದು ಎರಡು ಬೇರೆ ಬೇರೆ ರೋಗ. ಯಂತ್ರ ಬದಲಾಯಿಸಿದರೆ ಒಂದು ವಾಸಿಯಾಗುತ್ತದೆ, ಇನ್ನೊಂದು ನಿಮ್ಮ ಜೊತೆಗೇ ಹೊಸ ಕೆಟಲ್ಲಿಗೂ ಬರುತ್ತದೆ.

ಮೊದಲು ಕುದಿ. 25 ಲೀಟರನ್ನು 67ರಿಂದ 100ಕ್ಕೆ ಏರಿಸಲು ಸುಮಾರು 3450 ಕಿಲೋಜೂಲ್ ಬೇಕು. 1600 ವಾಟ್ ಪೂರ್ತಿ ನೀರಿಗೇ ಹೋದರೆ 36 ನಿಮಿಷದ ಕೆಲಸ. ಗೋಡೆಯಿಂದ, ಮೇಲ್ಮೈಯಿಂದ ಸೋರುವ ಬಿಸಿ ಸೇರಿಸಿ 50ರಿಂದ 55 ಎನ್ನಿ. 75 ಆಗುತ್ತಿದೆ ಅಂದರೆ ಬಿಸಿ ಮಾಡುವ ಎಲಿಮೆಂಟಿಗೆ 1600 ತಲುಪುತ್ತಲೇ ಇಲ್ಲ. ಎಲಿಮೆಂಟಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ: 120 ಇರಬೇಕಾದಲ್ಲಿ 108 ಬಂದರೆ 1600 ವಾಟಿನ ಜಾಗದಲ್ಲಿ ಸಿಗುವುದು 1296. ಆ 50 ಅಡಿ ವೈರಿನ ಮೇಲೆ ಎಷ್ಟು ಗೇಜ್ (ಅಂಕಿ ಹೆಚ್ಚಾದಷ್ಟೂ ವೈರ್ ತೆಳು) ಎಂದು ಬರೆದಿದೆ ನೋಡಿ. 16 ಇದ್ದರೆ ಇವತ್ತೇ ಪಕ್ಕಕ್ಕಿಡಿ. ವೈರ್ ಬೇಕೇ ಬೇಕು ಅಂದರೆ 12 ಗೇಜ್, ಆದಷ್ಟು ಗಿಡ್ಡ. ಪ್ಲಗ್ಗಿಗೆ ಸಿಕ್ಕಿಸುವ ವಾಟ್ ಮೀಟರನ್ನು ಯಂತ್ರದ ತುದಿಯಲ್ಲಿಟ್ಟು, ಎಲಿಮೆಂಟ್ ಉರಿಯುವಾಗ ವೋಲ್ಟೇಜ್ ಓದಿ. ಎಲಿಮೆಂಟ್ ಆಫ್ ಇದ್ದಾಗ ಓದಿದ್ದು ಲೆಕ್ಕಕ್ಕಿಲ್ಲ.

1600 ವಾಟ್ ಅಂದರೆ 13.3 ಆಂಪ್. 15 ಆಂಪ್ ಸರ್ಕ್ಯೂಟಿನಲ್ಲಿ ಗಂಟೆಗಟ್ಟಲೆ ಎಳೆಯಬಹುದಾದ್ದು 12 ಆಂಪ್ ಮಾತ್ರ. ಅಡುಗೆಮನೆ ಕಟ್ಟೆಯ ಸಾಕೆಟ್‌ಗಳು ಅಲ್ಲಿ ಸಾಮಾನ್ಯವಾಗಿ 20 ಆಂಪ್ ಸರ್ಕ್ಯೂಟಿನವು. ಬ್ರೇಕರ್ ಮೇಲಿನ ಅಂಕಿ ನೋಡಿ ಖಚಿತ ಮಾಡಿಕೊಂಡು ಅಲ್ಲಿಗೆ ನೇರ ಹಾಕಿ. ಅದೇ ಸಾಲಿನಲ್ಲಿ ಮೈಕ್ರೋವೇವ್ ಓಡಿಸಬೇಡಿ. ಯಂತ್ರಕ್ಕೆ ಬಿಸಿ ತಡೆಯುವ ಜಾಕೆಟ್ ತೊಡಿಸಿ.

ಯಾರಾದರೂ "240ಕ್ಕೆ ಹಾಕಿ" ಅಂದರೆ ಕಿವಿಗೊಡಬೇಡಿ. ಎರಡೂ ವೋಲ್ಟೇಜಿಗೆ ಸ್ವಿಚ್ ಇರುವ ಮಾದರಿಗಳಿವೆ, ಅವುಗಳ ಮಾತು ಬೇರೆ. 120ರ ಎಲಿಮೆಂಟಿಗೆ 240 ಕೊಟ್ಟರೆ ನಾಲ್ಕು ಪಟ್ಟು ಶಕ್ತಿ ಎಳೆದು ಸುಟ್ಟುಹೋಗುತ್ತದೆ.

ಜೋಳದ ವಾಸನೆಗೆ ಕಾರಣ ನಿಮ್ಮ ಮುಚ್ಚಳ. ಪಿಲ್ಸ್ನರ್ ಮಾಲ್ಟಿನಲ್ಲಿರುವ ಒಂದು ಪದಾರ್ಥ ಬಿಸಿಗೆ ಒಡೆದು ಡಿಎಂಎಸ್ (ಡೈಮಿಥೈಲ್ ಸಲ್ಫೈಡ್) ಆಗುತ್ತದೆ, ಜೋಳದ ವಾಸನೆ ಅದರದ್ದೇ. ಅದು ಹಬೆಯ ಜೊತೆ ಹಾರಿಹೋಗಬೇಕು. ಮುಚ್ಚಳಕ್ಕೆ ತಗಲಿ ಹನಿಯಾಗಿ ಮತ್ತೆ ಪಾತ್ರೆಗೇ ಬಿದ್ದರೆ ಎಷ್ಟು ಹೊತ್ತು ಕುದಿಸಿದರೂ ಅಷ್ಟೆ. ಕುದಿ ಬರುವ ತನಕ ಮುಚ್ಚಿ, ಬಂದ ಮೇಲೆ ಪೂರ್ತಿ ತೆಗೆಯಿರಿ. ಪಿಲ್ಸ್ನರ್ ಹೆಚ್ಚಿದ್ದರೆ 90 ನಿಮಿಷ ಕುದಿಸಿ. ಆಮೇಲೆ ಬೇಗ ತಣಿಸಿ, ಬಿಸಿ ಇಳಿಯುವ ತನಕ ಅದು ಹುಟ್ಟುತ್ತಲೇ ಇರುತ್ತದೆ. 1600 ವಾಟ್ ಯಂತ್ರದಲ್ಲಿ ಕೊತಕೊತ ಕುದಿ ಕಾಣುವುದಿಲ್ಲ. ಮೇಲ್ಮೈ ಒಂದೇ ಸಮ ಉರುಳುತ್ತಿದ್ದು, ಗಂಟೆಗೆ ಒಂದೂವರೆ ಎರಡು ಲೀಟರ್ ಆವಿಯಾದರೆ ಸಾಕು.

ಉತ್ತರ 2 (ಹಂಡೆಒಲೆ)

ಗ್ರಾವಿಟಿ ವಿಷಯ ನಾನು ಹೇಳ್ತೀನಿ. ಕೆಜಿ ಮಾಲ್ಟಿಗೆ ಹೆಚ್ಚೆಂದರೆ 300 ಪಾಯಿಂಟ್-ಲೀಟರ್ (1.038 ಅಂದರೆ 38 ಪಾಯಿಂಟ್, ಅದನ್ನು ಲೀಟರಿನಿಂದ ಗುಣಿಸಿದ್ದು) ಹಿಡಿದರೆ 5 ಕೆಜಿಗೆ 1500. ನಿಮಗೆ ಸಿಕ್ಕಿದ್ದು 25 × 38, ಅಂದರೆ 950. ಶೇ. 63. ಇದು ಕರೆಂಟಿನ ತಪ್ಪಲ್ಲ, ನುಚ್ಚಿನ ತಪ್ಪು. ಅಂಗಡಿಯವರು ಯಾರ ಮ್ಯಾಶೂ ಕಟ್ಟಿಕೊಳ್ಳಬಾರದು ಎಂದು ಮಿಲ್ಲನ್ನು ಅಗಲವಾಗಿಯೇ ಇಟ್ಟಿರುತ್ತಾರೆ. ಒಂದು ಹಿಡಿ ತಟ್ಟೆಗೆ ಸುರಿದು ನೋಡಿ. ಇಡೀ ಕಾಳು ಒಂದೂ ಕಾಣಬಾರದು. ಹೊಟ್ಟು ಹರಿಯದೆ ಉಳಿದಿರಬೇಕು, ಒಳಗಿನದು ಇಡ್ಲಿ ರವೆಯಷ್ಟಾಗಿರಬೇಕು. ಬುಟ್ಟಿ ಯಂತ್ರಕ್ಕೆ ರೋಲರ್ ಸಂದು 0.9ರಿಂದ 1.1 ಮಿಮೀ. ಬಟ್ಟೆ ಚೀಲವಾದರೆ 0.7ಕ್ಕೂ ಇಳಿಸಬಹುದು. ಅಂಗಡಿಯಲ್ಲಿ ಸಂದು ಬದಲಿಸಲು ಒಪ್ಪದಿದ್ದರೆ ಎರಡು ಸಲ ಹಾಯಿಸಿ ಕೊಡಿ ಅನ್ನಿ.

ಪಂಪನ್ನು ಪೂರ್ತಿ ತೆರೆದಿಟ್ಟಿದ್ದರೆ ಅದೂ ಒಂದು ಕಾರಣ. ಕಾಳಿನ ಹಾಸು ಬಿಗಿದು, ನೀರು ನಡುವಿನ ಕೊಳವೆಯಲ್ಲೋ ಬುಟ್ಟಿಯ ಅಂಚಿನಲ್ಲೋ ಜಾರಿಕೊಳ್ಳುತ್ತದೆ. ಪರದೆಯ ಮೇಲೆ 67 ಇದ್ದರೂ ಕಾಳಿನ ನಡುವೆ 63 ಇರಬಹುದು, ಸೆನ್ಸರ್ ಇರುವುದು ತಳದಲ್ಲಲ್ಲವೇ. ಉದ್ದನೆಯ ಥರ್ಮಾಮೀಟರ್ ಚುಚ್ಚಿ ನೋಡಿ. ಮೊದಲ 10 ನಿಮಿಷ ಪಂಪ್ ಬೇಡ. 20ನೇ, 40ನೇ ನಿಮಿಷಕ್ಕೆ ಪಂಪ್ ನಿಲ್ಲಿಸಿ ತಳದ ತನಕ ಕಲಕಿ. ತೊಳೆಯುವ ನೀರನ್ನು ಒಮ್ಮೆಲೇ ಸುರಿಯದೆ ಲೀಟರ್ ಲೀಟರಾಗಿ, 15 ನಿಮಿಷದಲ್ಲಿ ಹಾಕಿ.

ಇನ್ನು ಮಾರಬೇಕಾ ಅಂದರೆ, ನಾನು ಬೆಂಕಿಯ ಪಕ್ಷ. 10 ಗ್ಯಾಲನ್ ಕೆಟಲ್, ಬರ್ನರ್, ಚೀಲ: ಕೆಡುವುದಕ್ಕೆ ಏನೂ ಇಲ್ಲ. ಕುದಿಗೆ 20 ನಿಮಿಷ. ಆದರೆ ತಾಪ ನೀವೇ ಕಾಯಬೇಕು. 5 ಕೆಜಿ ಕಾಳು 20 ಡಿಗ್ರಿ ಇದ್ದು, ಕೆಜಿಗೆ 3 ಲೀಟರ್ ನೀರು ಹಾಕಿ 67 ಬೇಕೆಂದರೆ ನೀರು 73.4 ಇರಬೇಕು: 0.41ನ್ನು 3ರಿಂದ ಭಾಗಿಸಿ, 47ರಿಂದ ಗುಣಿಸಿ, 67 ಕೂಡಿಸಿ. ಆಮೇಲೆ ಕಂಬಳಿ ಹೊದಿಸಿ ಬಿಡಿ. ಪ್ರೊಪೇನ್ ಬಯಲಲ್ಲಿ ಮಾತ್ರ. ಗ್ಯಾರೇಜ್ ಬಾಗಿಲು ತೆರೆದಿದ್ದರೂ ಒಳಗೆ ಹಚ್ಚಬಾರದು, ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ. ಟೌನ್‌ಹೌಸ್ ಆಗಿದ್ದರೆ ಅಲ್ಲಿನ ಸಂಘದ ನಿಯಮವನ್ನೂ ಕೇಳಿಕೊಳ್ಳಿ.

ಪೂರ್ತಿ ಸ್ವಯಂಚಾಲಿತ ಪೆಟ್ಟಿಗೆಯ ಆಸೆಯಂತೂ ಬೇಡ. ಅಂಥ ಯಂತ್ರ ಮಾಡುತ್ತಿದ್ದ ಸಿಯಾಟಲ್‌ನ ಪಿಕೋಬ್ರೂ ಕಂಪನಿ 2020ರಲ್ಲಿ ಮುಚ್ಚಿತು. ರೆಸಿಪಿ ಬರುತ್ತಿದ್ದುದು ಅವರ ಸರ್ವರಿನಿಂದ. ಬಳಕೆದಾರರು ತಾವೇ ಬದಲಿ ಸರ್ವರ್ ಬರೆದುಕೊಂಡು ಯಂತ್ರ ಉಳಿಸಿಕೊಳ್ಳಬೇಕಾಯಿತು. ಗುಂಡಿ ಒತ್ತಿ ಕೈಯಾರೆ ಓಡಿಸಲಾಗದ ಯಂತ್ರ ಕೊಳ್ಳಬೇಡಿ, ಅಷ್ಟೇ.

ಉತ್ತರ 3 (ತಾಮ್ರದಸುರುಳಿ)

ಬೆಂಕಿಯ ಪಕ್ಷಕ್ಕೆ ನನ್ನ ತಕರಾರು ಒಂದೇ: ಚಳಿಗಾಲ. ಜನವರಿಯಲ್ಲಿ ಪ್ಯಾಟಿಯೋ ಮೇಲೆ ನಿಂತು ಮೂರು ಗಂಟೆ ಬರ್ನರ್ ಕಾಯುವವರು ಕಡಿಮೆ, ಯಂತ್ರ ಒಳಗೆ ನಡೆಯುತ್ತದೆ. ಇನ್ನೊಂದು, ಯಂತ್ರ ನೋಡಿಕೊಳ್ಳುವುದು ಮ್ಯಾಶನ್ನೇ ಹೊರತು ಯೀಸ್ಟನ್ನಲ್ಲ. ದುಡ್ಡು ಮಿಕ್ಕಿದ್ದರೆ ಹಳೆ ಫ್ರಿಜ್ಜಿಗೆ ತಾಪ ನಿಯಂತ್ರಕ ಹಾಕಿ, ಏಲ್ ಬಗೆಯ ಬಿಯರಿನ ಯೀಸ್ಟನ್ನು ಹುದುಗುವಾಗ 18-19 ಡಿಗ್ರಿಯಲ್ಲಿ ಇಡಿ. ರುಚಿ ಹೆಚ್ಚು ಬದಲಾಗುವುದು ಅಲ್ಲೇ.

ಪ್ರಶ್ನೆ (ಪ್ಯಾಟಿಯೋಬ್ರೂ)

ವೈರ್ 16 ಗೇಜೇ. ಲೋಡಿನಲ್ಲಿ 108 ವೋಲ್ಟ್! ಅಡುಗೆಮನೆಯ 20 ಆಂಪ್ ಸಾಕೆಟ್ಟಿಗೆ ನೇರ ಹಾಕಿದರೆ 117. ಜಾಕೆಟ್ ಹಾಕಿ, ಮಾಲ್ಟ್ ಎರಡು ಸಲ ಹಾಯಿಸಿ, ಎರಡು ಸಲ ಕಲಕಿ ಮಾಡಿದ್ದು: ಕುದಿಗೆ 52 ನಿಮಿಷ, 25 ಲೀಟರ್ 1.044. ಮುಚ್ಚಳ ತೆಗೆದರೂ ಕುದಿ ನಿಲ್ಲದೆ ನಡೆಯಿತು. ಸದ್ಯಕ್ಕೆ ಮಾರುವುದಿಲ್ಲ. ಮುಂದಿನ ಬ್ಯಾಚಿಗೆ ಊರಿಂದ ಬಂದ ರಾಗಿ 500 ಗ್ರಾಂ ಸೇರಿಸಬೇಕು. ಹಿಟ್ಟನ್ನೇ ಬುಟ್ಟಿಗೆ ಹಾಕಬಹುದಾ?

ಉತ್ತರ 4 (ಹಂಡೆಒಲೆ)

1.044 ಅಂದರೆ ಶೇ. 73, ಸಾಕು ಬಿಡಿ.

ರಾಗಿ ಹಿಟ್ಟು ಬುಟ್ಟಿಗೆ ಬೇಡವೇ ಬೇಡ. ಜಾಲರಿಯಿಂದ ಇಳಿದು ಎಲಿಮೆಂಟಿನ ಮೇಲೆ ಕೂತು ತಳ ಹಿಡಿಯುತ್ತದೆ, ಒಣ ಉರಿ ತಡೆಯುವ ಕಟ್-ಆಫ್ ಬಿದ್ದು ಕುದಿಯ ನಡುವೆ ಯಂತ್ರ ನಿಲ್ಲುತ್ತದೆ. ಒಲೆಯ ಮೇಲೆ 3 ಲೀಟರ್ ನೀರಲ್ಲಿ ಗಂಟಿಲ್ಲದೆ ಗಂಜಿ ಕಾಯಿಸಿ, 20 ನಿಮಿಷ ಕುದಿಸಿ, 70ಕ್ಕೆ ಇಳಿಸಿ. ಮಿಲ್ ಮಾಡಿದ ಪಿಲ್ಸ್ನರ್ ಒಂದು ಹಿಡಿ ಕಲಕಿ, 15 ನಿಮಿಷದಲ್ಲಿ ಗಂಜಿ ನೀರಾಗುತ್ತದೆ. ಆಮೇಲೆ ಮ್ಯಾಶಿಗೆ ಸುರಿಯಿರಿ. ಆ 3 ಲೀಟರನ್ನು ಮ್ಯಾಶ್ ನೀರಿನಿಂದ ಕಳೆಯಿರಿ. ರಾಗಿಗೆ ಬಾರ್ಲಿಯಂಥ ಹೊಟ್ಟಿಲ್ಲ, ತೊಳೆದ ಭತ್ತದ ಹೊಟ್ಟು 200 ಗ್ರಾಂ ಕಾಳಿನ ಜೊತೆ ಬೆರೆಸಿ. ಪಂಪ್ ಅರ್ಧ ಮಾತ್ರ ತೆರೆಯಿರಿ.

ನಿರ್ವಾಹಕರಿಂದ

ಬೆಂಗಳೂರಿನಿಂದ ಓದುವವರಿಗೆ: ಇದು ಅಮೆರಿಕದ ಮಾತು. ಅಲ್ಲಿ ಕೇಂದ್ರ ಕಾನೂನು 1979ರಿಂದ ಒಬ್ಬ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚಿದ್ದರೆ 200 ಗ್ಯಾಲನ್ ತನಕ ಒಪ್ಪುತ್ತದೆ, ಮಾರುವಂತಿಲ್ಲ. ಕರ್ನಾಟಕದಲ್ಲಿ ಪರವಾನಗಿ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವುದು ಅಬಕಾರಿ ಕಾಯ್ದೆಯಡಿ ಅಪರಾಧ. ಕರ್ನಾಟಕದ ಸಾಕೆಟ್ಟಿಗೆ ಯಾವ ಯಂತ್ರ ಸರಿ ಎಂಬ ಪ್ರಶ್ನೆಗಳನ್ನು ಇಲ್ಲಿ ಹಾಕಬೇಡಿ.