ಟೇಕಾಫ್ ದೂರ ಪ್ರತಿ ಸಲವೂ ಜಾಸ್ತಿ ಬರ್ತಿದೆ, ಎಲ್ಲಿ ತಪ್ಪುತ್ತಿದ್ದೇನೆ?

ಪ್ರಶ್ನೆ:
ಸೆಸ್ನಾ 172 ಎಂಬ ಸಣ್ಣ ವಿಮಾನದ ಟೇಕಾಫ್ ಟೇಬಲ್ ಲೆಕ್ಕ. ಏರೋಡ್ರೋಮ್ ಎತ್ತರ 3000 ಅಡಿ, ಕ್ಯೂಎನ್‌ಎಚ್ (ಸಮುದ್ರಮಟ್ಟಕ್ಕೆ ಹೊಂದಿಸಿ ಹೇಳುವ ಗಾಳಿಯ ಒತ್ತಡ) 1003 ಹೆಕ್ಟೊಪಾಸ್ಕಲ್, ತಾಪಮಾನ 35 ಡಿಗ್ರಿ. ಡೆನ್ಸಿಟಿ ಆಲ್ಟಿಟ್ಯೂಡ್ (ಗಾಳಿಯ ಸಾಂದ್ರತೆಗೆ ತಕ್ಕ ಎತ್ತರ) ಸುಮಾರು 6500 ಅಡಿ ಬಂತು. ಅದನ್ನು ಹಿಡಿದು 35 ಡಿಗ್ರಿಗೆ ಟೇಬಲ್ ನೋಡಿದರೆ ಕೊಟ್ಟಿರುವ ಉತ್ತರಕ್ಕಿಂತ ದೂರ ಬಹಳ ಹೆಚ್ಚು. ಸೂತ್ರ ಮೂರು ಸಲ ಪರೀಕ್ಷಿಸಿದೆ.

ಉತ್ತರ:
ಸೂತ್ರ ಸರಿಯಾಗೇ ಇದೆ. ಬಿಸಿಲನ್ನು ಎರಡು ಸಲ ಲೆಕ್ಕಕ್ಕೆ ಹಿಡಿದಿದ್ದೀರಿ, ತಪ್ಪಿರುವುದು ಅಲ್ಲೇ. ಆ ಟೇಬಲ್‌ನ ಎಡಬದಿಯ ತಲೆಬರಹ ಓದಿ: ಪ್ರೆಶರ್ ಆಲ್ಟಿಟ್ಯೂಡ್ ಅಂತಿದೆ, ಅಂದರೆ ಬರೀ ಗಾಳಿಯ ಒತ್ತಡಕ್ಕೆ ತಕ್ಕ ಎತ್ತರ. ತಾಪಮಾನಕ್ಕೆ ಬೇರೆ ಕಾಲಮ್‌ಗಳಿವೆ. ಡೆನ್ಸಿಟಿ ಆಲ್ಟಿಟ್ಯೂಡ್‌ನೊಳಗೆ ಆಗಲೇ ತಾಪಮಾನ ಸೇರಿಹೋಗಿದೆ, ಹಾಗಾಗಿ ಅದನ್ನು ಅಲ್ಲಿ ಹಾಕಲೇಬಾರದು.

ಪ್ರೆಶರ್ ಆಲ್ಟಿಟ್ಯೂಡ್ ಹೀಗೆ ತೆಗೆಯಿರಿ: ಪ್ರಮಾಣಿತ ಒತ್ತಡ 1013ರಿಂದ 1003 ಕಳೆದರೆ 10. ಒಂದು ಹೆಕ್ಟೊಪಾಸ್ಕಲ್‌ಗೆ 30 ಅಡಿಯಂತೆ 300. ಒತ್ತಡ ಕಡಿಮೆ ಇರುವುದರಿಂದ ಕೂಡಿಸಬೇಕು: 3300 ಅಡಿ. ಈಗ 3000 ಮತ್ತು 4000ದ ಸಾಲುಗಳ ನಡುವೆ ಹತ್ತರಲ್ಲಿ ಮೂರು ಪಾಲು, 30 ಮತ್ತು 40 ಡಿಗ್ರಿಯ ನಡುವೆ ಅರ್ಧ. ಮೊದಲು ಎತ್ತರಕ್ಕೆ, ಆಮೇಲೆ ತಾಪಮಾನಕ್ಕೆ ಇಂಟರ್‌ಪೊಲೇಟ್ ಮಾಡಿ, ಅಂದರೆ ನಡುವಿನ ಬೆಲೆಯನ್ನು ಅದೇ ಪಾಲಿನಲ್ಲಿ ತೆಗೆಯಿರಿ.

ನಿಮ್ಮ 6500 ವ್ಯರ್ಥವಲ್ಲ. 3300 ಅಡಿಯಲ್ಲಿ ಐಎಸ್‌ಎ (ಅಂತರರಾಷ್ಟ್ರೀಯ ಪ್ರಮಾಣಿತ ವಾತಾವರಣ) ತಾಪಮಾನ 8.4 ಡಿಗ್ರಿ, ವ್ಯತ್ಯಾಸ 26.6, ಅದನ್ನು 120ರಿಂದ ಗುಣಿಸಿ 3300ಕ್ಕೆ ಸೇರಿಸಿದರೆ ಅಷ್ಟೇ ಬರುತ್ತದೆ. ವಿಮಾನ ನೆಲದ ಮೇಲಿದ್ದರೂ ರೆಕ್ಕೆ, ಪ್ರೊಪೆಲ್ಲರ್, ಎಂಜಿನ್ ಮೂರಕ್ಕೂ ಸಿಗುವುದು 6500 ಅಡಿಯ ಗಾಳಿ.

ಪ್ರಶ್ನೆ ಕೇಳಿದವರು:
ಈಗ ಹೊಂದಿತು, ಧನ್ಯವಾದ. ಆದರೆ ಒಣ ಹುಲ್ಲಿನ ರನ್‌ವೇ ಲೆಕ್ಕದಲ್ಲಿ ಇನ್ನೂ ಜಾಸ್ತಿ ಬರ್ತಿದೆ. 15 ಶೇಕಡಾ ಸೇರಿಸಿದ್ದೇನೆ.

ಇನ್ನೊಂದು ಉತ್ತರ:
ಯಾವುದರ 15 ಶೇಕಡಾ? ಟೇಬಲ್ ಕೆಳಗಿನ ಟಿಪ್ಪಣಿ ಹೇಳುವುದು ಗ್ರೌಂಡ್ ರೋಲ್‌ನ (ನೆಲ ಬಿಡುವವರೆಗೆ ಓಡುವ ದೂರದ) 15 ಶೇಕಡಾ ಅಂತ. ಗ್ರೌಂಡ್ ರೋಲ್ 1200 ಅಡಿ, 50 ಅಡಿ ಅಡೆತಡೆ ದಾಟಲು ಒಟ್ಟು 2100 ಅಂದುಕೊಳ್ಳಿ. ಹುಲ್ಲು ಹಿಡಿದೆಳೆಯುವುದು ಚಕ್ರ ನೆಲದಲ್ಲಿರುವವರೆಗೆ ಮಾತ್ರ. ಆದ್ದರಿಂದ 180 ಅಡಿಯನ್ನೇ ಎರಡಕ್ಕೂ ಸೇರಿಸಿ: 1380, 2280. ನೀವು 2100ಕ್ಕೇ 15 ಶೇಕಡಾ ಹಾಕಿ 2415 ಮಾಡಿರುತ್ತೀರಿ.

ಗಾಳಿಯ ಟಿಪ್ಪಣಿಯನ್ನೂ ಹೀಗೇ ಅಕ್ಷರಕ್ಷರ ಓದಿ. ಎದುರುಗಾಳಿ ಪ್ರತಿ 9 ನಾಟ್‌ಗೆ 10 ಶೇಕಡಾ ಇಳಿಸುತ್ತದೆ, ಹಿಂಗಾಳಿ ಪ್ರತಿ 2 ನಾಟ್‌ಗೇ 10 ಶೇಕಡಾ ಏರಿಸುತ್ತದೆ. 4 ನಾಟ್ ಹಿಂಗಾಳಿ ಅಂದರೆ 20 ಶೇಕಡಾ, ಅದನ್ನು ಚಿಲ್ಲರೆ ಅಂತ ಬಿಡಬೇಡಿ.

ಮೊದಲು ಉತ್ತರಿಸಿದವರು:
ಒಂದು ಸೇರಿಸುತ್ತೇನೆ. ಪ್ರೆಶರ್ ಆಲ್ಟಿಟ್ಯೂಡ್ 3000 ಅಡಿ ದಾಟಿದರೆ, ನಿಂತಲ್ಲೇ ಫುಲ್ ಥ್ರಾಟಲ್ ಕೊಟ್ಟು, ಗರಿಷ್ಠ ಆರ್‌ಪಿಎಂ ಬರುವಂತೆ ಮಿಕ್ಸ್ಚರ್ ಲೀನ್ ಮಾಡಬೇಕು (ಗಾಳಿ-ಇಂಧನದ ಮಿಶ್ರಣದಲ್ಲಿ ಇಂಧನ ತಗ್ಗಿಸಬೇಕು) ಅಂತ ಅದೇ ಟಿಪ್ಪಣಿಗಳಲ್ಲಿದೆ. ನಿಮ್ಮದು 3300. ಮಿಕ್ಸ್ಚರ್ ಫುಲ್ ರಿಚ್‌ನಲ್ಲೇ (ಇಂಧನ ತಗ್ಗಿಸದೆ) ಬಿಟ್ಟು ಓಡಿಸಿದರೆ ಟೇಬಲ್‌ನ ದೂರ ಆ ವಿಮಾನಕ್ಕೆ ಅನ್ವಯಿಸುವುದೇ ಇಲ್ಲ.