ರೋಬೋಟ್ ಕಿಟ್ಟೋ, ತೊಗಲುಗೊಂಬೆಯೋ? 34 ಮಕ್ಕಳು, 15,000 ರೂಪಾಯಿ

ಪ್ರಶ್ನೆ: ಕೊಪ್ಪಳದ ವಿಜ್ಞಾನ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ, ವಿಜ್ಞಾನ ಕಲಿಸುತ್ತೇನೆ. ಏಳನೇ ತರಗತಿಯ 34 ಮಕ್ಕಳು ತಂತ್ರಜ್ಞಾನವನ್ನು ಕೈಯಾರೆ ಮಾಡಿ ಕಲಿಯಲಿ ಎಂದು ಹಳೆಯ ವಿದ್ಯಾರ್ಥಿಯೊಬ್ಬರು 15,000 ರೂಪಾಯಿ ಕೊಟ್ಟಿದ್ದಾರೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಲ್ಲಿ ಹೆಚ್ಚಿನವರ ಒಲವು ರೋಬೋಟ್ ಕಿಟ್ ತರಿಸುವ ಕಡೆಗಿದೆ. ನಾವು ವಿಚಾರಿಸಿದ ಬೆಲೆಗೆ ಮೂರು ಕಿಟ್ ಬರುತ್ತವೆ, ಒಂದೊಂದರ ಸುತ್ತ ಹನ್ನೊಂದು ಹನ್ನೆರಡು ಮಕ್ಕಳು ಕೂರಬೇಕಾಗುತ್ತದೆ.

ನಾನು ಮೊದಲು ಇದ್ದ ಶಾಲೆಗೂ ಇಂಥದ್ದೇ ಒಂದು ಕಿಟ್ ಬಂದಿತ್ತು. ಅದನ್ನು ಜೋಡಿಸಿದ್ದು ಮಾರಿದವರ ಕಡೆಯಿಂದ ಬಂದ ಹುಡುಗ, ಓಡಿಸಿದ್ದು ಮುಂದಿನ ಸಾಲಿನ ನಾಲ್ವರು, ಉಳಿದವರು ಚಪ್ಪಾಳೆ ತಟ್ಟಿದರು. ಒಂದು ಹಲ್ಲುಚಕ್ರ ಕಳೆದುಹೋದ ಮೇಲೆ ಕಿಟ್ ಬೀರು ಸೇರಿತು, ನಾನು ವರ್ಗವಾಗಿ ಬರುವ ದಿನವೂ ಅಲ್ಲಿಯೇ ಇತ್ತು.

ಈ ಸಲ ನನ್ನ ಮನಸ್ಸು ತೊಗಲುಗೊಂಬೆಯಾಟದ ಕಡೆಗೆ ಎಳೆಯುತ್ತಿದೆ. ಅದು ನಮ್ಮ ಸೀಮೆಯದೇ ಕಲೆ. 2025ರಲ್ಲಿ ಪದ್ಮಶ್ರೀ ಪಡೆದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರು ನಮ್ಮ ಜಿಲ್ಲೆಯವರೇ. ಮಕ್ಕಳು ರಟ್ಟಿನಲ್ಲಿ ಗೊಂಬೆ ಕತ್ತರಿಸಿ, ತಾವೇ ಎಲ್‌ಇಡಿ ದೀಪ ಜೋಡಿಸಿ, ಪರದೆ ಕಟ್ಟಿ ಆಡಿಸಬೇಕೆಂಬುದು ನನ್ನ ಯೋಚನೆ. ಆದರೆ ಸಭೆಯಲ್ಲಿ ಒಬ್ಬ ಪಾಲಕರು, “ಗೊಂಬಿ ಆಡ್ಸೋದು ಕಲಿಯಾಕ ಸಾಲಿಗೆ ಕಳಿಸ್ಬೇಕೇನ್ರಿ ಟೀಚರ್?” ಎಂದು ಕೇಳಿದಾಗ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಇದನ್ನು ತಂತ್ರಜ್ಞಾನದ ಕಲಿಕೆ ಎನ್ನಬಹುದೇ? ದೀಪದ ಜೋಡಣೆಯಲ್ಲಿ ಎಚ್ಚರ ವಹಿಸಬೇಕಾದದ್ದೇನು? ಇದಕ್ಕೆ ಎರಡು ದಿನದ ಶಿಬಿರ ಸಾಕಾಗುತ್ತದೆಯೇ?

ಉತ್ತರ 1: ಬೆಸುಗೆ ಮೇಷ್ಟ್ರು

ಟೀಚರ್, ಐಟಿಐನಲ್ಲಿ ಬಹಳ ವರ್ಷ ಎಲೆಕ್ಟ್ರಾನಿಕ್ಸ್ ಕಲಿಸಿ ಈಗ ನಿವೃತ್ತನಾಗಿದ್ದೇನೆ. ದೀಪದ ವಿಷಯವನ್ನಷ್ಟೇ ಹೇಳುತ್ತೇನೆ, ಏಕೆಂದರೆ ಮಕ್ಕಳು ಎಡವುವುದೂ ಕಲಿಯುವುದೂ ಅಲ್ಲಿಯೇ.

ಬಿಳಿ ಎಲ್‌ಇಡಿ ಬೆಳಗಲು ಸುಮಾರು 3 ವೋಲ್ಟ್ ಬೇಕು, ಕೆಂಪಿಗೆ ಸುಮಾರು 2 ವೋಲ್ಟ್ ಸಾಕು. ಒಂದೂವರೆ ವೋಲ್ಟಿನ ಎರಡು ಪೆನ್ಸಿಲ್ ಸೆಲ್ಲುಗಳನ್ನು ಸಾಲಾಗಿ ಜೋಡಿಸಿದರೆ ಬಿಳಿ ದೀಪ ನೇರವಾಗಿ ಉರಿಯುತ್ತದೆ, ಕೆಂಪು ದೀಪಕ್ಕೆ ಮಾತ್ರ ಕರೆಂಟನ್ನು ತಡೆದು ಮಿತಿಯಲ್ಲಿಡುವ 100 ಓಮ್‌ನ ಒಂದು ರೆಸಿಸ್ಟರ್ ಹಾಕಿಸಿ. ಉದ್ದ ಕಾಲು ಧನ, ಗಿಡ್ಡ ಕಾಲು ಋಣ ಎಂಬುದನ್ನು ಮೊದಲೇ ಹೇಳಿಕೊಡಬೇಡಿ. ದೀಪ ಹತ್ತದಿದ್ದಾಗ ಮಗು ತಾನೇ ಕಾಲುಗಳನ್ನು ತಿರುಗಿಸಿ ನೋಡಿ ಕಂಡುಕೊಳ್ಳಲಿ, 3 ವೋಲ್ಟಿಗೆ ತಿರುವುಮುರುವಾದರೂ ಎಲ್‌ಇಡಿ ಕೆಡುವುದಿಲ್ಲ. ಯಾರಾದರೂ ಕೆಂಪು ಮತ್ತು ಬಿಳಿ ದೀಪಗಳೆರಡನ್ನೂ ಆ ಒಂದೇ ರೆಸಿಸ್ಟರ್‌ಗೆ ಅಕ್ಕಪಕ್ಕ ಸಿಕ್ಕಿಸಿಯೇ ಸಿಕ್ಕಿಸುತ್ತಾರೆ. ಆಗ ಕೆಂಪು ಉರಿಯುತ್ತದೆ, ಬಿಳಿ ಹತ್ತುವುದಿಲ್ಲ. “ಸರ್, ಬಿಳೀದು ಸುಟ್ಟೋಯ್ತು” ಎಂದು ಮಗು ಓಡಿ ಬರುತ್ತದೆ. ಕೆಂಪನ್ನು ಕಿತ್ತ ಕೂಡಲೇ ಬಿಳಿ ದೀಪ ಮತ್ತೆ ಹೊತ್ತಿಕೊಂಡಾಗ ಆ ಮುಖವನ್ನು ನೋಡಬೇಕು; ವೋಲ್ಟೇಜ್ ಎಂಬ ಮಾತಿಗೆ ಅರ್ಥ ಹುಟ್ಟುವುದು ಆ ಕ್ಷಣದಲ್ಲಿ.

ಗುಂಡು ತಲೆಯ ಎಲ್‌ಇಡಿ ಬೆಳಕನ್ನು ಕಿರಿದಾಗಿ ಚೆಲ್ಲುವುದರಿಂದ ಪರದೆಯ ನಡುವೆ ಒಂದು ವೃತ್ತ ಮಾತ್ರ ಬೆಳಗುತ್ತದೆ. ಅದರ ತಲೆಯನ್ನು ಮರಳು ಕಾಗದಕ್ಕೆ ಉಜ್ಜಿ ಚಪ್ಪಟೆ ಮಾಡಿದರೆ ಬೆಳಕು ಅಗಲವಾಗಿ ಹರಡುತ್ತದೆ.

ಒಂದು ಮಾತು ಕಡ್ಡಾಯವಾಗಿ ನೆನಪಿಡಿ: ಗಡಿಯಾರಕ್ಕೆ ಹಾಕುವ ಬಟನ್ ಸೆಲ್ ತರಿಸಲೇಬೇಡಿ. ಮಕ್ಕಳು ಅದನ್ನು ಮನೆಗೆ ಒಯ್ದು ಚಿಕ್ಕ ತಂಗಿ ತಮ್ಮಂದಿರು ನುಂಗಿದರೆ ಎರಡೇ ಗಂಟೆಗಳಲ್ಲಿ ಅನ್ನನಾಳ ಸುಟ್ಟು ಗಾಯವಾಗಬಹುದು.

ಉತ್ತರ 2: ಚಿತ್ರಕಲಾ ಶಿಕ್ಷಕ, ಬಳ್ಳಾರಿ

ನಿಮ್ಮ ಯೋಚನೆ ಮೆಚ್ಚುಗೆಯಾಯಿತು. ಆದರೆ ರಟ್ಟಿನ ಕಪ್ಪು ನೆರಳನ್ನು ತೊಗಲುಗೊಂಬೆಯಾಟ ಎಂದು ಕರೆದುಬಿಡಬಾರದೆಂದು ನನ್ನ ಕೋರಿಕೆ. ನಮ್ಮ ಗೊಂಬೆಯ ಜೀವ ಇರುವುದು ಬಣ್ಣದಲ್ಲಿ. ಹದಮಾಡಿದ ತೊಗಲು ಬೆಳಕನ್ನು ತನ್ನೊಳಗಿಂದ ಹಾಯಿಸುವುದರಿಂದಲೇ ಪರದೆಯ ಮೇಲೆ ಕೆಂಪು, ಹಸಿರು ಕಾಣುತ್ತವೆ. ಮಕ್ಕಳಿಗೆ ಈ ಅನುಭವ ಆಗಬೇಕಿದ್ದರೆ ರಟ್ಟಿನ ಬದಲು ಡ್ರಾಯಿಂಗ್ ಹಾಳೆ ಕೊಡಿ. ಸ್ಕೆಚ್ ಪೆನ್ನಿನಲ್ಲಿ ಗಾಢವಾಗಿ ಬಣ್ಣ ತುಂಬಿಸಿ, ಒಣಗಿದ ಮೇಲೆ ಹಿಂಬದಿಗೆ ಹತ್ತಿಯಿಂದ ಶೇಂಗಾ ಎಣ್ಣೆ ಸವರಿಸಿ, ರಾತ್ರಿಯಿಡೀ ಹಳೆಯ ಪತ್ರಿಕೆಗಳ ನಡುವೆ ಒತ್ತಿಡಿ. ಹಾಳೆ ಅರೆಪಾರದರ್ಶಕವಾಗಿ ಬಣ್ಣ ಹೊಮ್ಮಿಸುತ್ತದೆ. ಆಭರಣ, ಸೆರಗಿನ ಅಂಚುಗಳಿಗೆ ದಪ್ಪ ಸೂಜಿಯಿಂದ ತೂತು ಕುಟ್ಟಿಸಿದರೆ ಆ ಜಾಗಗಳು ಚುಕ್ಕಿಗಳಂತೆ ಮಿನುಗುತ್ತವೆ.

ಕರ್ನಾಟಕದ ಗೊಂಬೆಗಳಲ್ಲಿ ರಾಜರು ಮತ್ತು ದೇವರು ದೊಡ್ಡ ಗಾತ್ರದವರು, ಸೇವಕರು ಚಿಕ್ಕವರು. ಅಲ್ಲಿ ಅಳತೆ ನಿಶ್ಚಯವಾಗುವುದು ಪಾತ್ರದ ಅಂತಸ್ತಿನಿಂದ. ನಿಮ್ಮ ಮಕ್ಕಳಾದರೋ ಒಂದೇ ಗೊಂಬೆಯನ್ನು ದೀಪದ ಹತ್ತಿರ ಒಯ್ದು ಹಿರಿದು ಮಾಡಬಲ್ಲರು. ದೀಪದಿಂದ ಪರದೆಗೆ 90 ಸೆಂಟಿಮೀಟರ್ ಇದ್ದು, ಗೊಂಬೆ ದೀಪದಿಂದ 45ರಲ್ಲಿದ್ದರೆ ನೆರಳು ಎರಡು ಪಟ್ಟು, 30ರಲ್ಲಿದ್ದರೆ ಮೂರು ಪಟ್ಟು. ಆದರೂ ಕಲಾವಿದರು ಗೊಂಬೆಯನ್ನು ಪರದೆಗೆ ಒತ್ತಿಯೇ ಆಡಿಸುವುದೇಕೆ ಎಂದು ಮಕ್ಕಳನ್ನೇ ಕೇಳಿ. ದೂರ ಸರಿದಂತೆ ಅಂಚು ಮಸುಕಾಗಿ ಬಣ್ಣ ತೆಳುವಾಗುವುದನ್ನು ಅವರೇ ಕಾಣಲಿ.

ಸಾಧ್ಯವಿದ್ದರೆ ನಿಮ್ಮ ಭಾಗದ ಒಬ್ಬ ಕಲಾವಿದರನ್ನು ಅರ್ಧ ದಿನ ಕರೆಸಿ, ಶಾಲಿನ ಜೊತೆಗೆ ಸಂಭಾವನೆಯನ್ನೂ ಆ 15,000ದಲ್ಲೇ ತೆಗೆದಿಡಿ. ಕಲಾವಿದರಿಗೆ ಸನ್ಮಾನ ಮಾಡಿ ಬಸ್ ಚಾರ್ಜನ್ನೂ ಕೊಡದೆ ಕಳಿಸಿದ ಸಮಾರಂಭಗಳನ್ನು ನಾನು ಸಾಕಷ್ಟು ನೋಡಿದ್ದೇನೆ.

ಉತ್ತರ 3: ಪ್ರೌಢಶಾಲೆಯ ಸಹಶಿಕ್ಷಕ

ನಾನು ಸ್ವಲ್ಪ ಭಿನ್ನ ದನಿ ತೆಗೆಯುತ್ತೇನೆ, ಮೇಡಂ ತಪ್ಪು ತಿಳಿಯಬಾರದು. ನಮ್ಮಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್, ಅಂದರೆ ಮಕ್ಕಳೇ ಸಾಧನಗಳನ್ನು ಮಾಡಿ ಕಲಿಯುವ ಪ್ರಯೋಗಾಲಯ, ಇದೆ. 2016ರಲ್ಲಿ ನೀತಿ ಆಯೋಗದ ಅಟಲ್ ಇನ್ನೋವೇಷನ್ ಮಿಷನ್ ಆರಂಭಿಸಿದ ಈ ಯೋಜನೆಯಲ್ಲಿ 6ರಿಂದ 12ನೇ ತರಗತಿಯ ಮಕ್ಕಳಿಗಾಗಿ ಶಾಲೆಯೊಂದಕ್ಕೆ 20 ಲಕ್ಷ ರೂಪಾಯಿವರೆಗೆ ಅನುದಾನವಿದೆ. 15,000ದಲ್ಲಿ ಅದರ ಅನುಕರಣೆ ಮಾಡಹೊರಡುವುದು ಬೇಡ ಎಂಬಷ್ಟು ಮಟ್ಟಿಗೆ ನಿಮ್ಮ ಮಾತು ಸರಿ. ಆದರೆ ಬೀರು ಸೇರಿದ್ದು ಕಿಟ್ಟಿನ ದೋಷವಲ್ಲ, ಅದನ್ನು ಬಿಚ್ಚಲು ಮಕ್ಕಳಿಗೆ ಬಿಡದವರ ದೋಷ. ಎರಡು ದಿನ ಗೊಂಬೆ ಮಾಡಿಸಿ ಫೋಟೋ ತೆಗೆದು ಗ್ರೂಪಿಗೆ ಹಾಕಿ ಮುಗಿಸಿದರೆ ಗೊಂಬೆಗಳೂ ಅದೇ ಬೀರು ಸೇರುತ್ತವೆ.

ಆದ್ದರಿಂದ ಎರಡು ದಿನದ ಶಿಬಿರ ಬೇಡ, ಆರು ಶನಿವಾರ ಹಿಡಿಯಿರಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ 6ರಿಂದ 8ನೇ ತರಗತಿಯವರಿಗೆ ಹತ್ತು ಬ್ಯಾಗ್‌ರಹಿತ ದಿನಗಳನ್ನು ಹೇಳಿರುವುದರಿಂದ ಮೇಲಧಿಕಾರಿಗಳನ್ನು ಒಪ್ಪಿಸುವುದು ಕಷ್ಟವಾಗಲಾರದು. ಮೂರನೇ ಶನಿವಾರದ ಹೊತ್ತಿಗೆ ಒಂದೇ ಒಂದು ಆರ್ಡುಯಿನೋ ಬೋರ್ಡ್ (ಪ್ರೋಗ್ರಾಮ್ ಬರೆದು ದೀಪ, ಮೋಟಾರುಗಳನ್ನು ನಿಯಂತ್ರಿಸುವ ಪುಟ್ಟ ಫಲಕ) ತನ್ನಿ. ಕಥೆಯಲ್ಲಿ ಬೆಳಗಾಗುವಾಗ ಪರದೆಯ ಹಿಂದಿನ ದೀಪ ಮೆಲ್ಲಗೆ ಏರಬೇಕು, ಸಂಜೆಗೆ ಇಳಿಯಬೇಕು. ಅದಕ್ಕೆ ಬೇಕಾದ ಪ್ರೋಗ್ರಾಮ್ ಹತ್ತು ಸಾಲನ್ನು ದಾಟುವುದಿಲ್ಲ. “ಇನ್ನೂ ನಿಧಾನ ಮಾಡ್ರಿ, ಕೋಳಿ ಕೂಗೋತನಕ ಕತ್ತಲಿರಲಿ” ಎಂದು ಕಥೆ ಹೇಳುವ ಹುಡುಗಿ ಕೇಳಿದಾಗ ಬೋರ್ಡ್ ಹಿಡಿದವನು ಒಂದು ಸಂಖ್ಯೆಯನ್ನು ಬದಲಿಸಿ ನೋಡುತ್ತಾನೆ. ಆ ಪಾಲಕರು ಕೇಳಿದ ಪ್ರಶ್ನೆಗೆ ಅದೇ ಉತ್ತರವಾದೀತು.

ಪ್ರಶ್ನೆ ಕೇಳಿದವರ ಮರುನುಡಿ, ಮೂರು ವಾರಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ಸಭೆಗೆ ಮತ್ತೆ ಹೋಗುವ ಮೊದಲು ಎಂಟು ಮಕ್ಕಳೊಂದಿಗೆ ಎರಡು ಶನಿವಾರ ಪ್ರಯೋಗ ಮಾಡಿ ನೋಡಿದೆ. ಮುಖ್ಯ ಶಿಕ್ಷಕರು ಕೊಟ್ಟ ಹಳೆಯ ಬಿಳಿ ಪಂಚೆಯನ್ನು ಪರದೆಯಾಗಿ ಕಟ್ಟಿದೆವು. ಕಿಟಕಿ ಮುಚ್ಚಿದರೂ ಹೆಂಚಿನ ಸಂದಿಯಿಂದ ಬೆಳಕು ಬೀಳುತ್ತಿದ್ದುದರಿಂದ ಮೊದಲ ದಿನ ಏನೂ ಸರಿಯಾಗಿ ಕಾಣಲಿಲ್ಲ. ಮಕ್ಕಳೇ ಎರಡು ಬೆಂಚು ಜೋಡಿಸಿ ಮೇಲೆ ಕಂಬಳಿ ಹೊದಿಸಿ ಗುಡಾರ ಮಾಡಿಕೊಂಡರು.

ಎಣ್ಣೆ ಹಾಳೆಯ ಉಪಾಯ ಚೆನ್ನಾಗಿ ಫಲಿಸಿತು, ಮೊದಲೆರಡು ಗೊಂಬೆಗಳಿಗೆ ಎಣ್ಣೆ ಹೆಚ್ಚಾಗಿ ಪಂಚೆಗೆ ಕಲೆಯಾದದ್ದೊಂದು ಬಿಟ್ಟರೆ. ಕೆಂಪು ಮತ್ತು ಬಿಳಿ ದೀಪಗಳ ವಿಷಯ ಮೇಷ್ಟ್ರು ಹೇಳಿದಂತೆಯೇ ಆಯಿತು, ದೂರು ತಂದ ಹುಡುಗನ ಮಾತೂ ಹೆಚ್ಚುಕಡಿಮೆ ಅದೇ. ನಾನು ಎಣಿಸದಿದ್ದ ಸಂಗತಿಯೊಂದು ನಡೆಯಿತು. ಒಬ್ಬಳು ಬೆಳಕು ಸಾಲದೆಂದು ಇನ್ನೊಂದು ಬಿಳಿ ಎಲ್‌ಇಡಿಯನ್ನು ಒಂದು ಗೇಣು ದೂರದಲ್ಲಿ ಇಟ್ಟಳು. ಒಂದು ಗೊಂಬೆಗೆ ಎರಡು ನೆರಳು ಬಿದ್ದವು. ಉಳಿದವರು ಅದನ್ನು ತಪ್ಪೆಂದು ತೆಗೆಯಲು ಹೋದಾಗ ಅವಳು ತಡೆದು, ಗೊಂಬೆಯಾಟದ ಹಾಸ್ಯಗಾರ ಕಿಳ್ಳೇಕ್ಯಾತ ಕುಡಿದು ಬಂದಾಗ ಅವನ ಕಣ್ಣಿಗೆ ಹೆಂಡತಿ ಬಂಗಾರಕ್ಕ ಇಬ್ಬರಾಗಿ ಕಾಣುವಂತೆ ಕಥೆಯನ್ನೇ ತಿರುಗಿಸಿಕೊಂಡಳು. ಆ ಒಂದು ದೃಶ್ಯಕ್ಕೆ ಮಾತ್ರ ಎರಡನೇ ದೀಪ ಹತ್ತಬೇಕಲ್ಲ? ಹಾಗಾಗಿ ಬಟ್ಟೆ ಒಣಹಾಕುವ ಕ್ಲಿಪ್ಪಿನ ಎರಡು ತುದಿಗಳಿಗೆ ಫಾಯಿಲ್ ಸುತ್ತಿ ಸ್ವಿಚ್ ಮಾಡಿಕೊಂಡರು. ಸ್ವಿಚ್ಚಿನ ಪಾಠವನ್ನು ನಾನು ಇನ್ನೂ ಮಾಡಿರಲಿಲ್ಲ.

ಎಸ್‌ಡಿಎಂಸಿಗೆ ಮಾತಿನ ಬದಲು ಈ ದೃಶ್ಯವನ್ನೇ ತೋರಿಸಿದೆ. ಆ ಪಾಲಕರು ನಕ್ಕರು. ಆಮೇಲೆ ಪರದೆಯ ಹಿಂದೆ ಬಂದು ಕ್ಲಿಪ್ಪನ್ನು ಎರಡು ಸಲ ಒತ್ತಿ ನೋಡಿದರು. ಪೂರ್ತಿ ಒಪ್ಪಿದರೆಂದು ಹೇಳಲಾರೆ, ಕಂಪ್ಯೂಟರ್ ಯಾವಾಗ ಕಲಿಸುತ್ತೀರೆಂದು ಹೋಗುವಾಗಲೂ ಕೇಳಿದರು. ಆರು ಶನಿವಾರಕ್ಕೆ ಒಪ್ಪಿಗೆ ಸಿಕ್ಕಿದೆ. ಕಲಾವಿದರ ಸಂಭಾವನೆಗೆ 4,000 ತೆಗೆದಿಟ್ಟಿದ್ದೇವೆ, ಒಂದು ಆರ್ಡುಯಿನೋ ಪಟ್ಟಿಯಲ್ಲಿದೆ. ನಾಳೆ ಸಹೋದ್ಯೋಗಿಯೊಬ್ಬರು ಹುಬ್ಬಳ್ಳಿಗೆ ಹೋಗುವವರಿದ್ದಾರೆ. ಬಿಳಿ ಎಲ್‌ಇಡಿ ನೂರು, ಕೆಂಪು ಹತ್ತು, ಮರಳು ಕಾಗದ ನಾಲ್ಕು ಹಾಳೆ ತರಲು ಚೀಟಿ ಬರೆದುಕೊಟ್ಟಿದ್ದೇನೆ.