ಬಾಗಿಲೂ ತೆರೆಯಿತು

ತಾಲೀಮು ನಿಂತು ಎರಡು ಗಂಟೆಯಾಗಿತ್ತು. ಕಾರಣ, ಒಂದು ದೀರ್ಘ. ಕವಿ ಬರೆದದ್ದು "ಬಾಗಿಲು ತೆರೆಯಿತು" ಎಂದು. ಸಂಗೀತಗಾರ ಹಾರ್ಮೋನಿಯಂ ಎಳೆದುಕೊಂಡು ಹಾಡಿದ್ದು "ಬಾಗಿಲೂ ತೆರೆಯಿತೂ" ಎಂದು.

"ಬಾಗಿಲೂ ಎಂದರೆ ಏನರ್ಥ?" ಕವಿ ಎದ್ದು ನಿಂತ. "ಬಾಗಿಲು ಕೂಡ! ಹಾಗಾದರೆ ಅದಕ್ಕೆ ಮೊದಲು ತೆರೆದದ್ದು ಯಾವುದು? ನಾಯಕಿ ರಾತ್ರಿಯೆಲ್ಲ ಕಾದಿರುವುದು ಆ ಒಂದು ಬಾಗಿಲಿಗೆ ಮಾರಾಯ."

"ನೀನು ಕೊಟ್ಟಿರುವುದು ನಾಲ್ಕು ಮಾತ್ರೆ, ತಕಧಿಮಿ. ನನ್ನ ಗತಿ ಐದು, ತಕತಕಿಟ. ಉಳಿದ ಒಂದನ್ನು ನಾನು ಎಲ್ಲಿಂದ ತರಲಿ? ಎಳೆದೆ."

"ಗತಿಯನ್ನೇ ನಾಲ್ಕಕ್ಕೆ ಇಳಿಸು."

"ನಾಲ್ಕರಲ್ಲಿ ತೆರೆದರೆ ಅಂಚೆಯವನು ಬಂದ ಹಾಗಿರುತ್ತದೆ. ಐದರಲ್ಲಿ ಒಂದು ಕುಂಟು ಇದೆ. ಬಂದವನು ಒಳಗೆ ಬರುತ್ತಾನೋ ಇಲ್ಲವೋ ಎಂಬ ಅನುಮಾನ ಆ ಕುಂಟಿನಲ್ಲಿದೆ."

ಪರದೆ ಎಳೆಯುವವನಿಗೆ ಅಭಿಪ್ರಾಯ ಇರಕೂಡದು ಎಂಬುದು ನಮ್ಮ ತಂಡದ ಅಲಿಖಿತ ನಿಯಮ, ನಾನು ಪರದೆ ಎಳೆಯುವವನು. ಆದರೆ ಈ ಮಾತಿಗೆ ಕವಿ ಅರ್ಧ ನಿಮಿಷ ಸುಮ್ಮನಾದದ್ದನ್ನು ನೋಡಿದೆ. ಒಪ್ಪಿಗೆಯಾಗಿತ್ತು, ಒಪ್ಪಿಕೊಳ್ಳುವುದು ಬಾಕಿ ಇತ್ತು.

ನಿರ್ದೇಶಕಿ ಹಣೆ ಒತ್ತಿಕೊಳ್ಳುತ್ತಾ ಹೇಳಿದರು: "ಇಂಗ್ಲೆಂಡಿನಲ್ಲಿ ಗಿಲ್ಬರ್ಟ್ ಮತ್ತು ಸಲಿವನ್ ಎಂಬ ಜೋಡಿ ಇತ್ತು. ಒಬ್ಬ ಮಾತು, ಒಬ್ಬ ಸಂಗೀತ. ಹದಿನಾಲ್ಕು ಸಂಗೀತ ನಾಟಕ ಮಾಡಿದರು. 1884ರಲ್ಲಿ ಗಿಲ್ಬರ್ಟ್ ಒಂದು ಕಥೆ ತಂದ, ಮಂತ್ರದ ಮಾತ್ರೆ ನುಂಗಿ ಪಾತ್ರಗಳು ಬದಲಾಗಿಬಿಡುವ ಕಥೆ. ಸಲಿವನ್ ಬೇಡವೆಂದ. ಇವನು ಅದನ್ನೇ ಮತ್ತೆ ಮತ್ತೆ ತರುತ್ತಾನೆ, ಅವನು ಬೇಡ ಬೇಡ ಎನ್ನುತ್ತಾನೆ. ಕೊನೆಗೆ ಗಿಲ್ಬರ್ಟ್ ಬೇರೆಯೇ ಕಥೆ ಬರೆದ. ಅದು ಮರುವರ್ಷ ರಂಗಕ್ಕೇರಿ 672 ಪ್ರದರ್ಶನ ಕಂಡಿತು."

"ನೋಡಿದಿರಾ, ಸಂಗೀತಗಾರನ ಮಾತು ಕೇಳಿದ್ದಕ್ಕೆ," ಎಂದ ನಮ್ಮ ಸಂಗೀತಗಾರ.

"ಬರೆದವನು ಕವಿ," ಎಂದ ನಮ್ಮ ಕವಿ.

"ಪೂರ್ತಿ ಕೇಳಿ. ಅಷ್ಟೆಲ್ಲ ಜಗಳ ತಡೆದುಕೊಂಡವರು 1890ರಲ್ಲಿ ಮುರಿದುಕೊಂಡರು. ಯಾವುದಕ್ಕೆ ಗೊತ್ತೇ? ರಂಗಮಂದಿರಕ್ಕೆ ಹಾಸಿದ ಜಮಖಾನೆಯ ಖರ್ಚು ಯಾರ ಲೆಕ್ಕಕ್ಕೆ ಎಂದು. ಆಮೇಲೆ ಒಂದಾಗಿ ಇನ್ನೆರಡು ನಾಟಕ ಮಾಡಿದರು. ಹಳೆಯ ಯಶಸ್ಸು ಬರಲಿಲ್ಲ."

ನಾನು ಮೆಲ್ಲಗೆ ಕಾಲ ಕೆಳಗೆ ನೋಡಿದೆ. ನಮ್ಮಲ್ಲಿ ಇದ್ದದ್ದು ಹರಿದ ಚಾಪೆ. ಸದ್ಯ.

ದೀಪದ ಹುಡುಗ ಏಣಿಯ ಮೇಲಿಂದಲೇ ಬಾಯಿ ಹಾಕಿದ: "ಬೇರೆಯಾಗುವುದಾದರೆ ಅಬ್ರಮೊವಿಚ್ ಮತ್ತು ಉಲಾಯ್ ಎಂಬ ಕಲಾವಿದ ಜೋಡಿಯ ತರಹ ಆಗಬೇಕು. 1988ರಲ್ಲಿ ಚೀನಾದ ಮಹಾಗೋಡೆಯ ಆ ತುದಿಯಿಂದ ಒಬ್ಬರು, ಈ ತುದಿಯಿಂದ ಒಬ್ಬರು ಸುಮಾರು ಮೂರು ತಿಂಗಳು ನಡೆದು, ನಡುವೆ ಸಿಕ್ಕಿ, ಬೀಳ್ಕೊಂಡರು. ಅದೂ ಒಂದು ಕಲಾಕೃತಿ!"

"ಇವನಿಂದ ದೂರವಾಗಲು ಅಷ್ಟು ನಡೆಯಬೇಕಿಲ್ಲ, ಮೆಟ್ಟಿಲಿಳಿದರೆ ಸಾಕು," ಎಂದು ಸಂಗೀತಗಾರ ಹಾರ್ಮೋನಿಯಂ ಮುಚ್ಚಿದ. "ನಿಜ ಹೇಳುತ್ತೇನೆ, ಈ ಹಾಡಿನ ಮೇಲಿನ ಆಸೆಯೇ ಹೋಯಿತು."

ಹೇಳಿದ್ದು ಬಾಯಿ. ಬಲಗಾಲಿನ ಹೆಬ್ಬೆರಳು ಚಾಪೆಯ ಮೇಲೆ ಐದು ಎಣಿಸುತ್ತಲೇ ಇತ್ತು. ಕವಿಯೂ ಅದನ್ನೇ ನೋಡುತ್ತಿದ್ದ. ನೋಡುತ್ತಾ ನೋಡುತ್ತಾ ತುಟಿ ಅಲ್ಲಾಡಿತು, ಬೆರಳು ಮಡಚಿತು. ಆಮೇಲೆ ಯಾರದೋ ಪೆನ್ನು ಕಸಿದುಕೊಂಡು ಹಾಳೆಯ ಅಂಚಿನಲ್ಲಿ ಬರೆದ: "ಬಾಗಿಲೂ ಕಿಟಕಿಯೂ ತೆರೆದವು."

"ಕಿಟಕಿಯೂ ಇರಲಿ," ಎಂದ, ಉಪಕಾರ ಮಾಡುವವನ ಗತ್ತಿನಲ್ಲಿ. "ಈಗ ನಿನ್ನ ಊಕಾರಕ್ಕೆ ಅರ್ಥ ಬಂತು. ಐದು, ಐದು. ಎಣಿಸಿಕೋ."

ಹಾರ್ಮೋನಿಯಂ ಮತ್ತೆ ತೆರೆಯಿತು. ಸಂಗೀತಗಾರ ಕಣ್ಣು ಮುಚ್ಚಿ ಹಾಡಿದ: "ಬಾಗಿಲೂ... ಕಿಟಕಿಯೂ... ತೆರೆದವೂ..."

"ತೆರೆದವೂ?" ಕವಿ ಕೂತಲ್ಲಿಂದ ಚಿಮ್ಮಿದ. "ತೆರೆದವೂ ಎಂದರೆ ಇನ್ನೇನನ್ನೋ ಮಾಡಿದವು ಎಂದಾಗುತ್ತದೆ! ಈಗ ನಾನು 'ಮುಚ್ಚಿದವೂ' ಎಂದು ಇನ್ನೊಂದು ಪದ ಸೇರಿಸಬೇಕು."

ಸಂಗೀತಗಾರ ಬೆರಳು ಮಡಚಿ ಎಣಿಸಿದ. "ಮುಚ್ಚಿದವೂ... ಆರು. ಒಂದು ಮಾತ್ರೆ ಹೆಚ್ಚಾಯಿತು."

"ಹೆಚ್ಚಾದದ್ದನ್ನು ಇತ್ತ ಕೊಡಿ," ಎಂದು ನಿರ್ದೇಶಕಿ ಕೈ ಚಾಚಿದರು. "ತಲೆನೋವಿಗೆ ನುಂಗುತ್ತೇನೆ."